ಹತ್ತು ಗಂಟೆಯ ಹಿಮ

ಆಲ್ಪ್ಸ್ ಪರ್ವತದ ನೆತ್ತಿಯಲ್ಲಿ ಹಿಮ ಅತಿ ಆಳವಾಗಿ ಬಿದ್ದಿರುವುದು ಯಾವ ತಿಂಗಳಲ್ಲಿ? ಯಾರನ್ನೇ ಕೇಳಿ, ಡಿಸೆಂಬರ್ ಇಲ್ಲವೇ ಜನವರಿ ಎನ್ನುತ್ತಾರೆ. ಕ್ರಿಸ್‌ಮಸ್ ಕಾರ್ಡುಗಳು ನಮಗೆಲ್ಲ ಕಲಿಸಿದ ಪಾಠ ಅದು. ಸ್ವಿಟ್ಜರ್ಲೆಂಡಿನ ದಾವೋಸ್ ಊರಿನ ನೆತ್ತಿಯ ಮೇಲೆ, 2,536 ಮೀಟರ್ ಎತ್ತರದ ವೈಸ್‌ಫ್ಲೂಯೋಖ್ ಎಂಬಲ್ಲಿ, 1936ರಿಂದಲೂ ಹಿಮದ ಆಳ ಅಳೆಯುತ್ತಾ ಬಂದಿದ್ದಾರೆ. ಆ ಉದ್ದನೆಯ ದಾಖಲೆ ಹೇಳುವ ತಿಂಗಳು ಏಪ್ರಿಲ್! ಕೆಳಗಿನ ಹುಲ್ಲುಗಾವಲಲ್ಲಿ ಕ್ರೋಕಸ್ ಹೂ ಅರಳುವ ಏಪ್ರಿಲ್. ಅರ್ಧ ವರ್ಷ ಬಿಲದೊಳಗೆ ಮಲಗಿದ್ದ ಮಾರ್ಮಟ್‌ಗಳು ಎದ್ದು ಮೈಮುರಿಯುವ ಏಪ್ರಿಲ್. ಹೋಟೆಲಿನವರು ಕುರ್ಚಿಗಳನ್ನು ಹೊರಗೆ ಬಿಸಿಲಿಗೆ ಹಾಕುವ ಏಪ್ರಿಲ್. ಚಳಿಗಾಲ ಮುಗಿಯಿತೆಂದು ಊರೆಲ್ಲ ಕೋಟು ತೆಗೆದಿಟ್ಟ ಹೊತ್ತಿಗೆ, ತಲೆ ಎತ್ತಿದರೆ ಕಾಣುವಷ್ಟು ಹತ್ತಿರದಲ್ಲೇ ಚಳಿಗಾಲ ತುಂಬಿ ತುಳುಕುತ್ತಿರುತ್ತದೆ.

ಈ ಒಂದು ಸಂಗತಿ ತಲೆಗೆ ಹೋಯಿತೆನ್ನಿ, ಮಿಕ್ಕದ್ದೆಲ್ಲ ಒಂದರ ಹಿಂದೊಂದು ಬೆರಗಾಗಿ ಬಿಚ್ಚಿಕೊಳ್ಳುತ್ತದೆ.

ಈಸ್ಟರ್ ಕಳೆದ ಮೇಲೆ ಬಹುಪಾಲು ಸ್ಕೀ ಊರುಗಳಲ್ಲಿ ಲಿಫ್ಟ್‌ಗಳು ಒಂದೊಂದಾಗಿ ನಿಲ್ಲುತ್ತವೆ. ಯಂತ್ರ ಓಡಿಸಿ, ಒತ್ತಿ ಸವರಿ, ಅಂಚಿಗೆ ಕಂಬ ನೆಟ್ಟು ಸಿದ್ಧಪಡಿಸಿದ ಓಡುದಾರಿಗೆ ಪಿಸ್ಟ್ ಎನ್ನುತ್ತಾರೆ. ರಜೆಗೆ ಬಂದವರು ಜಾರುವುದು ಹೆಚ್ಚಾಗಿ ಅದರ ಮೇಲೆಯೇ. ತಗ್ಗಿನ ಪಿಸ್ಟ್‌ಗಳು ಕೆಸರಾಗುತ್ತಿದ್ದಂತೆ ಆ ಜನ ಸೂಟ್‌ಕೇಸು ಕಟ್ಟುತ್ತಾರೆ. ಆಗ ಬರುತ್ತಾರೆ ನೋಡಿ ಇನ್ನೊಂದು ಬಳಗದವರು! ಇವರಿಗೆ ಪಿಸ್ಟ್ ಬೇಡ, ಎಷ್ಟೋ ಕಡೆ ಲಿಫ್ಟೂ ಬೇಡ. ಸ್ಕೀಯ ಅಡಿಗೆ ನೈಲಾನ್ ಅಥವಾ ಮೊಹೇರ್ ರೋಮದ ಉದ್ದನೆಯ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ರೋಮವೆಲ್ಲ ಹಿಂದಕ್ಕೆ ವಾಲಿರುವುದರಿಂದ ಸ್ಕೀ ಮುಂದಕ್ಕೆ ಸಲೀಸಾಗಿ ಸರಿಯುತ್ತದೆ, ಹಿಂದಕ್ಕೆ ಮಾತ್ರ ಒಂದಂಗುಲವೂ ಜಾರುವುದಿಲ್ಲ. ಒಂದು ಕಾಲಕ್ಕೆ ಇದು ಸೀಲ್ ಪ್ರಾಣಿಯ ಚರ್ಮವೇ ಆಗಿತ್ತು, ಅದಕ್ಕೇ ಇಂದಿಗೂ ಸ್ಕಿನ್ ಎಂದೇ ಕರೆಯುತ್ತಾರೆ. ಅದನ್ನು ಕಟ್ಟಿಕೊಂಡು ಮೂರು, ನಾಲ್ಕು ತಾಸು ಬೆಟ್ಟ ಹತ್ತಿ, ಮೇಲೆ ಹೋಗಿ ಅದನ್ನು ಕಿತ್ತು ಜೇಬಿಗೆ ತುರುಕಿ, ಯಾರೂ ಸಿದ್ಧಪಡಿಸದ ಇಳಿಜಾರಿನಲ್ಲಿ ಇಳಿಯುವುದು. ಆಫ್-ಪಿಸ್ಟ್ ಸ್ಕೀಯಿಂಗ್‌ನ ಅತಿ ಎತ್ತರದ, ಅತಿ ತಡವಾದ, ನನ್ನ ಮಟ್ಟಿಗೆ ಅತಿ ಚೆಂದದ ಅಧ್ಯಾಯ ಇದು.

ಚೆಂದವೇಕೆ ಅಂದರೆ, ಆ ಹಿಮವೇ ಬೇರೆ.

ಜನವರಿಯಲ್ಲಿ ಬೀಳುವ ಹಿಮದ ಹರಳಿಗೆ ಆರು ತೋಳು, ತೋಳಿಗೊಂದಿಷ್ಟು ಕವಲು. ನೆಲಕ್ಕೆ ಬಿದ್ದ ಗಳಿಗೆಯಿಂದಲೇ ಆ ಕವಲುಗಳು ಸವೆಯತೊಡಗುತ್ತವೆ. ಮಾರ್ಚ್ ಕಳೆದು ಬಿಸಿಲೇರಿದಾಗ ಹಗಲೆಲ್ಲ ಮೇಲ್ಪದರ ಕರಗುತ್ತದೆ, ಹರಳುಗಳ ಸುತ್ತ ನೀರಿನ ತೆಳು ಪೊರೆ ಕಟ್ಟುತ್ತದೆ. ರಾತ್ರಿ ಅದೇ ನೀರು ಹೆಪ್ಪುಗಟ್ಟುತ್ತದೆ. ಮರುದಿನ ಮತ್ತೆ ಕರಗು, ಮತ್ತೆ ಹೆಪ್ಪು. ಈ ಆಟದಲ್ಲಿ ಚಿಕ್ಕ ಹರಳುಗಳು ಮೊದಲು ಕರಗಿಹೋಗುತ್ತವೆ, ಅವುಗಳ ನೀರು ದೊಡ್ಡ ಹರಳುಗಳಿಗೆ ಅಂಟಿ ಅವು ಇನ್ನಷ್ಟು ದೊಡ್ಡವಾಗುತ್ತವೆ. ಹೀಗೇ ನಡೆದು ನಡೆದು ಒಂದು ದಿನ ಆ ಇಳಿಜಾರಿನ ಮೇಲ್ಮೈಯೆಲ್ಲ ಇಡ್ಲಿ ರವೆಯ ಹಾಗೆ ದುಂಡುದುಂಡು ಕಾಳಾಗಿರುತ್ತದೆ. ಸ್ಕೀಯರುಗಳ ಬಾಯಲ್ಲಿ ಇದು ಕಾರ್ನ್ ಸ್ನೋ, ಜರ್ಮನ್ ಆಡುವ ಕಣಿವೆಗಳಲ್ಲಿ ಫಿರ್ನ್. ಇದಕ್ಕಾಗಿ ಜನ ವರ್ಷವಿಡೀ ಕಾಯುತ್ತಾರೆ!

ಇದನ್ನು ತಯಾರಿಸುವುದು ಬಿಸಿಲೊಂದೇ ಅಂದುಕೊಳ್ಳಬೇಡಿ. ನಕ್ಷತ್ರಗಳೂ ಬೇಕು. ನಮ್ಮ ಕಣ್ಣಿಗೆ ಹಿಮದಷ್ಟು ಬಿಳಿಯದು ಇನ್ನೊಂದಿಲ್ಲ. ಆದರೆ ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳ ಲೋಕದಲ್ಲಿ ಅದೇ ಹಿಮ ಹೆಚ್ಚುಕಡಿಮೆ ಕಡುಗಪ್ಪು ವಸ್ತು. ಅಂದರೆ ತನ್ನೊಳಗಿನ ಶಾಖವನ್ನು ಅದು ಸ್ವಲ್ಪವೂ ಹಿಡಿದಿಟ್ಟುಕೊಳ್ಳದೆ ಆಕಾಶಕ್ಕೆ ಸೂಸಿಬಿಡುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಆ ಶಾಖ ಹೋದದ್ದು ಹೋಯಿತೇ. ಹೀಗಾಗಿ ಗಾಳಿಯ ತಾಪ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮದ ಮೇಲ್ಮೈ ಕಲ್ಲಾಗಿ ಹೆಪ್ಪುಗಟ್ಟುತ್ತದೆ. ಮೋಡ ಕವಿದಿತೋ, ಅದು ಶಾಖವನ್ನು ವಾಪಸು ಕಳಿಸುತ್ತದೆ. ಆಗ ಚಳಿ ಹೆಚ್ಚಿದ್ದರೂ ಹಿಮ ಸರಿಯಾಗಿ ಗಟ್ಟಿಯಾಗುವುದಿಲ್ಲ. ಒಂದು ಗ್ರಾಂ ನೀರು ಮಂಜುಗಡ್ಡೆಯಾಗಬೇಕಾದರೆ 334 ಜೂಲ್ ಶಾಖವನ್ನು ಬಿಟ್ಟುಕೊಡಬೇಕು. ಅಷ್ಟು ಶಾಖಕ್ಕೆ ಅದೇ ಒಂದು ಗ್ರಾಂ ನೀರು ಸೊನ್ನೆಯಿಂದ 80 ಡಿಗ್ರಿಗೆ ಏರೀತು! ಹಗಲೆಲ್ಲ ನೀರು ಕುಡಿದ ಬೆಟ್ಟವೊಂದು ರಾತ್ರಿಯಲ್ಲಿ ಇಷ್ಟೆಲ್ಲ ಶಾಖವನ್ನು ಆಕಾಶಕ್ಕೆ ಸುರಿಯಬೇಕು. ಅದಕ್ಕೇ ಪರ್ವತದ ತಂಗುಮನೆಗಳಲ್ಲಿ ಊಟ ಮುಗಿದ ಮೇಲೆ ಒಬ್ಬರಾದರೂ ಬಾಗಿಲು ತೆರೆದು ತಲೆ ಎತ್ತಿ ನೋಡುವುದು. ಚುಕ್ಕಿ ಕಂಡರೆ ನಾಳೆ ಹಿಮ ಉಂಟು. ಕಾಣದಿದ್ದರೆ ಅನುಭವಸ್ಥರು ಅಲಾರಂ ಕೂಡ ಇಡುವುದಿಲ್ಲ.

ಈಗ ಒಂದೇ ಇಳಿಜಾರನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡುತ್ತಾ ಕೂರೋಣ. ಆರು ಗಂಟೆಗೆ ಅದು ಉಕ್ಕು. ಸ್ಕೀಯ ಅಂಚು ಕಿರ್ರೆಂದು ಕಿರುಚುತ್ತದೆ, ಹಿಡಿತವಿಲ್ಲ. ಹತ್ತುವವರು ಸ್ಕೀಯ ಪಕ್ಕಕ್ಕೆ ಲೋಹದ ಹಲ್ಲುಗಳನ್ನು ಸಿಕ್ಕಿಸಿಕೊಳ್ಳಬೇಕು. ಅಲ್ಲಿ ಬಿದ್ದವರು ತಾವಾಗಿ ನಿಲ್ಲುವುದು ಕಷ್ಟ. ಒಂಬತ್ತರ ಹೊತ್ತಿಗೆ ಬಿಸಿಲು ತಾಗಿ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಸಡಿಲಾಗುತ್ತದೆ, ಕೆಳಗೆ ರಾತ್ರಿಯ ಹೆಪ್ಪು ಅಲ್ಲಾಡದೆ ನಿಂತಿರುತ್ತದೆ. ಬಂತು, ಅದೇ ಗಳಿಗೆ! ಸ್ಕೀ ಮುಳುಗುವುದಿಲ್ಲ, ಜಾರಿ ಹೋಗುವುದೂ ಇಲ್ಲ. ಮನಸ್ಸಿನಲ್ಲಿ ತಿರುವು ಎಂದರೆ ಸಾಕು, ಕಾಲಡಿಯಲ್ಲಿ ತಿರುವು ಆಗಿರುತ್ತದೆ. ಸಡಿಲಾದ ಕಾಳುಗಳು ಸುಯ್ಯೆಂದು ನಿಮ್ಮ ಜೊತೆಗೇ ಕೆಳಗೆ ಹರಿಯುತ್ತವೆ. ಪುಡಿಹಿಮದಲ್ಲಿ ಒದ್ದಾಡುವ ಸಾಧಾರಣ ಸ್ಕೀಯರ್ ಕೂಡ ಈ ಹಿಮದ ಮೇಲೆ ಉಸ್ತಾದನಾಗಿ ಕಾಣುತ್ತಾನೆ. ಹತ್ತೂವರೆ, ಹನ್ನೊಂದು. ಹೆಪ್ಪು ತೆಳ್ಳಗಾಗುತ್ತಾ ಬಂತು. ಹನ್ನೆರಡಕ್ಕೆ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಒಂದಕ್ಕೆ ಆ ಇಳಿಜಾರಿನ ಕೆಳಗೆ ನಿಲ್ಲುವುದೂ ತಪ್ಪು.

ಒಳ್ಳೆಯ ಹಿಮದ ಆಯುಸ್ಸು ಒಂದು ತಾಸು, ಬಹಳವೆಂದರೆ ಎರಡು. ಇದನ್ನು ಓದಿದವರಿಗೆ ಎಷ್ಟು ಜುಗ್ಗತನ ಎನಿಸಬಹುದು. ಆದರೆ ಬೆಟ್ಟಕ್ಕೆ ಒಂದೇ ಮುಖವಿಲ್ಲವಲ್ಲ! ಪೂರ್ವದ ಮುಖಕ್ಕೆ ಬಿಸಿಲು ಮೊದಲು ಬರುತ್ತದೆ, ಅಲ್ಲಿ ಎಂಟೂವರೆ ಒಂಬತ್ತಕ್ಕೇ ಹದ ಸಿಗುತ್ತದೆ. ಆಮೇಲೆ ಆಗ್ನೇಯ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಬಲ್ಲ ಗೈಡ್ ಒಬ್ಬ ಸೂರ್ಯನ ಹಿಂದೆಯೇ ಬೆಟ್ಟ ಸುತ್ತುತ್ತಾ ಒಂದು ಮುಖದ ಹದ ಮುಗಿಯುವಷ್ಟರಲ್ಲಿ ಇನ್ನೊಂದು ಮುಖದ ಹದ ಹಿಡಿಯುತ್ತಾನೆ. ಇನ್ನು ಉತ್ತರದ ಮುಖ? ಮೂರು ಸಾವಿರ ಮೀಟರ್ ದಾಟಿದ ನೆರಳಿನ ಗೂಡುಗಳಲ್ಲಿ ಏಪ್ರಿಲ್ ಕೊನೆಗೂ ಒಣ ಪುಡಿಹಿಮ ಉಳಿದಿರುತ್ತದೆ. ಒಂದೇ ಬೆಟ್ಟ, ಒಂದೇ ಬೆಳಗು, ಮೂರು ಋತು.

ಈ ಗುಟ್ಟನ್ನು ಊರಿಗೆಲ್ಲ ಸಾರಿದವರಲ್ಲಿ ಮುಖ್ಯನಾದವನು ಆರ್ನಲ್ಡ್ ಲನ್. ಹುಟ್ಟಿದ್ದೆಲ್ಲಿ ಅಂತೀರಿ? ಮದ್ರಾಸಿನಲ್ಲಿ! 1888ರ ಏಪ್ರಿಲ್ 18ರಂದು, ಹಿಮದ ಹೆಸರೂ ಇಲ್ಲದ ಆ ಸೆಕೆಯಲ್ಲಿ. ತಂದೆ ಹೆನ್ರಿ ಲನ್ ಮೆಥಡಿಸ್ಟ್ ಮಿಷನರಿ. ಆತ ಇಂಗ್ಲೆಂಡಿಗೆ ಮರಳಿ ಮುಂದೆ ಪ್ರವಾಸದ ವ್ಯವಹಾರಕ್ಕೆ ಕೈಹಾಕಿ ಬ್ರಿಟಿಷರನ್ನು ಸ್ವಿಸ್ ಚಳಿಗಾಲಕ್ಕೆ ಕರೆದೊಯ್ಯತೊಡಗಿದ. ಮಗ ಅಲ್ಲಿ ಸ್ಕೀ ಕಲಿತ. 1909ರಲ್ಲಿ ವೇಲ್ಸ್‌ನ ಬಂಡೆಯೊಂದರಿಂದ ಬಿದ್ದು ಕಾಲು ಮುರಿದುಕೊಂಡ. ವಾಸಿಯಾದ ಮೇಲೆ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ, ಗಾಯದ ಕಾಟ ಬೇರೆ. ಆ ಕಾಲಿನಲ್ಲೇ 1917ರ ಜೂನ್ ತಿಂಗಳಲ್ಲಿ, ಹೌದು ಜೂನ್‌ನಲ್ಲಿ, ಯೋಸೆಫ್ ಕ್ನೂಬೆಲ್ ಎಂಬ ಗೈಡ್ ಜೊತೆ 4,545 ಮೀಟರಿನ ಡೋಮ್ ಶಿಖರವನ್ನು ಮೊದಲ ಬಾರಿಗೆ ಸ್ಕೀ ಮೇಲೆ ಏರಿದ. 1924ರ ಮೇ 18ರಂದು ಐಗರ್ ಶಿಖರದ ಮೊದಲ ಸ್ಕೀ ಆರೋಹಣದ ತಂಡದಲ್ಲೂ ಇದ್ದ. ತಿಂಗಳುಗಳನ್ನು ಗಮನಿಸಿ: ಜೂನ್, ಮೇ. ಚಳಿಗಾಲವೆಂದರೆ ಸ್ಕೀ, ಬೇಸಿಗೆಯೆಂದರೆ ಹಗ್ಗ ಎಂದು ಜನ ನಂಬಿದ್ದ ಕಾಲದಲ್ಲಿ ಈತ ಎಲ್ಲ ಎತ್ತರಕ್ಕೂ ಎಲ್ಲ ಋತುವಿಗೂ ಸ್ಕೀ ಸಲ್ಲುತ್ತದೆ ಎಂದು 1921ರಲ್ಲಿ ಪುಸ್ತಕವನ್ನೇ ಬರೆದ. 1922ರಲ್ಲಿ ಮ್ಯೂರೆನ್ ಎಂಬ ಊರಿನಲ್ಲಿ ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಲಾಲಂ ಪಂದ್ಯವನ್ನು ಇಂದಿನ ರೂಪದಲ್ಲಿ ಶುರು ಮಾಡಿದವನೂ ಇವನೇ. ಲೋಕ ಅವನನ್ನು ನೆನೆಯುವುದು ಆ ಪಂದ್ಯಕ್ಕೆ. ನನಗಾದರೋ ಆ ಗಿಡ್ಡ ಕಾಲಿನ ಜೂನ್ ತಿಂಗಳೇ ದೊಡ್ಡದು.

ವಸಂತದ ಹಿಮಕ್ಕೆ ಇನ್ನೊಂದು ಗುಣವಿದೆ. ಒದ್ದೆಯಾದ ಹಿಮ ಅಂಟುತ್ತದೆ. ಜನವರಿಯ ಒಣ ಪುಡಿ ನಿಲ್ಲಲಾಗದ ಕಡಿದಾದ ಗೋಡೆಗಳಿಗೂ ಮೇ ಹೊತ್ತಿಗೆ ಬಿಳಿ ಹಿಮ ಮೆತ್ತಿಕೊಂಡಿರುತ್ತದೆ. ಸ್ವಿಸ್ ಸ್ಕೀಯರ್ ಸಿಲ್ವಾನ್ ಸೋದಾನ್ 1968ರ ಜೂನ್‌ನಲ್ಲಿ ಫ್ರಾನ್ಸಿನ ಶಾಮೊನಿ ಊರಿನ ಮೇಲಿನ ಎಗ್ವಿ ವೆರ್ತ್ ಶಿಖರದ ವಿಂಪರ್ ಕೊರಕಲನ್ನು ಸ್ಕೀ ಮೇಲೆ ಇಳಿದದ್ದು ಹೀಗೆ. ಕೆಳಗಿನಿಂದ ನೋಡಿದರೆ ಅದು ಗೋಡೆಯೇ.

ಈ ಋತುವಿನ ತೀರ್ಥಯಾತ್ರೆ ಅಂದರೆ ಓತ್ ರೂತ್. ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ವರೆಗೆ, ಹಿಮನದಿಯಿಂದ ಹಿಮನದಿಗೆ ದಾಟುತ್ತಾ ಸುಮಾರು ಒಂದು ವಾರದ ದಾರಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟಿಷ್ ಪರ್ವತಾರೋಹಿಗಳು ಬೇಸಿಗೆಯಲ್ಲಿ ನಡೆದು ಹುಡುಕಿದ್ದು ಇದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಕೀಯವರು ಬಂದರು. ಇಂದು ಮಾರ್ಚ್ ನಡುವಿನಿಂದ ಮೇ ಆರಂಭದವರೆಗೆ ಇದರ ಕಾಲ. ಏಕೆ ಅಷ್ಟು ತಡ? ಉತ್ತರ ಕಾಲ ಕೆಳಗಿದೆ. ಹಿಮನದಿಯ ಮೈತುಂಬ ಬಿರುಕುಗಳು, ಕೆಲವಂತೂ ಹತ್ತಾರು ಮೀಟರ್ ಆಳದವು. ಚಳಿಗಾಲದ ಶುರುವಿನಲ್ಲಿ ಅವುಗಳ ಬಾಯಿಗೆ ತೆಳು ಹಿಮದ ಮುಚ್ಚಳ ಮಾತ್ರ ಇರುತ್ತದೆ. ತಿಂಗಳುಗಟ್ಟಲೆ ಬಿದ್ದ ಹಿಮ ಕೂಡಿ ಕೂಡಿ ಏಪ್ರಿಲ್ ಹೊತ್ತಿಗೆ ಅದೇ ಮುಚ್ಚಳ ದಪ್ಪ ಸೇತುವೆಯಾಗಿರುತ್ತದೆ. ಬೆಳಗಿನ ಹೆಪ್ಪಿನಲ್ಲಿ ಅದರ ಮೇಲೆ ಹಾದುಹೋಗಬಹುದು. ಮಧ್ಯಾಹ್ನ ಅದೇ ಸೇತುವೆಯನ್ನು ನಂಬುವಂತಿಲ್ಲ. ಇಲ್ಲಿಯೂ ಗಡಿಯಾರವೇ ಯಜಮಾನ.

ಆ ಯಾತ್ರೆಯ ಕೊನೆಯ ದಿನವಿದೆಯಲ್ಲ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೊರಡುವುದು ವಿನ್ಯೆತ್ ತಂಗುಮನೆಯಿಂದ. ಸುಮಾರು 3,160 ಮೀಟರ್ ಎತ್ತರದಲ್ಲಿ, ಬಂಡೆಯ ಅಂಚಿಗೆ ಅಂಟಿಕೊಂಡ ಮನೆ. ಕತ್ತಲಲ್ಲೇ ಎಬ್ಬಿಸುತ್ತಾರೆ. ಬ್ರೆಡ್ಡು, ಜಾಮು, ಫ್ಲಾಸ್ಕಿಗೆ ಸಿಹಿ ಚಹಾ. ಹಣೆಗೆ ದೀಪ ಕಟ್ಟಿಕೊಂಡು ಹೊರಬಿದ್ದರೆ ಮೂಗಿನ ಹೊಳ್ಳೆ ಅಂಟುವ ಚಳಿ. ಅವತ್ತು ದಾಟಬೇಕಾದ ಕಣಿವೆದಾರಿಗಳು ಮೂರು. ಮೊದಲನೆಯದು ಕೋಲ್ ದ ಲೆವೆಕ್. ಬೆಳಕು ಹರಿಯುವ ಹೊತ್ತಿಗೆ ಅದರ ಮೇಲೆ. ಅಲ್ಲಿಂದ ಇಳಿದು, ಮತ್ತೆ ಸ್ಕಿನ್ ಅಂಟಿಸಿ, ಸ್ಕೀಯನ್ನು ಬೆನ್ನಿಗೆ ಕಟ್ಟಿ ಬೂಟಿನ ತುದಿ ಒದೆದೊದೆದು ಹತ್ತಬೇಕಾದ ಎರಡನೆಯದು, 3,213 ಮೀಟರಿನ ಕೋಲ್ ದ್ಯು ಮೋನ್ ಬ್ರುಲೆ. ಅದನ್ನು ದಾಟಿದಿರೋ, ನೀವು ಇಟಲಿಯಲ್ಲಿದ್ದೀರಿ! ಚೆಕ್‌ಪೋಸ್ಟ್ ಇಲ್ಲ, ಬೇಲಿಯಿಲ್ಲ, ಬಾವುಟವಿಲ್ಲ, ಮತ್ತೊಂದು ಹಿಮನದಿ ಅಷ್ಟೆ. ತ್ಸಾ ದ ತ್ಸಾನ್ ಅದರ ಹೆಸರು. ಬಿಸಿಲು ಈಗ ಬೆನ್ನಿಗೆ ಬಿದ್ದಿದೆ. ಜಾಕೆಟ್ ಕಳಚುವ ಸೆಕೆ. ಗಾಳಿಯಲ್ಲಿ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು. ಹೆಜ್ಜೆ, ಉಸಿರು, ಹೆಜ್ಜೆ, ಉಸಿರು. ಮೂರನೆಯ ದಾರಿ ಕೋಲ್ ದ ವಾಲ್ಪೆಲೀನ್ 3,500 ಮೀಟರ್ ದಾಟಿದೆ, ಕೊನೆಯಿಲ್ಲವೇನೋ ಎಂಬಂತೆ ಏರುತ್ತಲೇ ಹೋಗುತ್ತದೆ.

ಆಮೇಲೆ ಒಂದು ಹೆಜ್ಜೆ. ಆ ಒಂದು ಹೆಜ್ಜೆಗೆ ಮುಂಚೆ ಇಲ್ಲದ್ದು, ಆ ಹೆಜ್ಜೆ ಇಟ್ಟ ಕೂಡಲೇ ಪೂರ್ತಿಯಾಗಿ ಎದುರಿಗೆ: ಮ್ಯಾಟರ್‌ಹಾರ್ನ್! 4,478 ಮೀಟರ್. ಚಾಕೊಲೇಟ್ ಡಬ್ಬಿಯ ಮೇಲಿನ ಚಿತ್ರದ ಮುಖವಲ್ಲ ಇದು. ಅದರ ಪಶ್ಚಿಮದ ಮಗ್ಗುಲು, ಒರಟು, ಕಪ್ಪು, ಭಾರ. ವಾರವಿಡೀ ನಡೆದು ಬಂದವರು ಅಲ್ಲಿ ಕೂಗುತ್ತಾರೆ, ಅಳುತ್ತಾರೆ, ಕೆಲವರು ಏನೂ ಮಾಡಲು ತೋಚದೆ ಬ್ಯಾಗು ಬಿಚ್ಚಿ ಚೀಸ್ ತಿನ್ನುತ್ತಾರೆ. ಅಲ್ಲಿಂದ ಸ್ಟೋಕ್ಯಿ, ಝ್ಮುಟ್ ಹಿಮನದಿಗಳ ಮೇಲೆ ಹಿಮಗಡ್ಡೆಯ ಗೋಪುರಗಳ ನಡುವೆ ಝೆರ್ಮಾಟ್ ಕಡೆಗೆ ಇಳಿತ. ಊರು ಇರುವುದು ಸುಮಾರು 1,600 ಮೀಟರಿನಲ್ಲಿ. ಅಂದರೆ ಹೆಚ್ಚುಕಡಿಮೆ ಎರಡು ಕಿಲೋಮೀಟರ್ ನೇರ ಎತ್ತರವನ್ನು ಒಂದೇ ಓಟದಲ್ಲಿ ಕಳೆಯುವುದು! ಪುಡಿಹಿಮ, ಆಮೇಲೆ ಕಾರ್ನ್, ಆಮೇಲೆ ಗಂಜಿ, ಆಮೇಲೆ ಹುಲ್ಲು. ಕೊನೆಗೆ ಸ್ಕೀ ಹೆಗಲ ಮೇಲೆ, ಬೂಟು ಮಣ್ಣಿನಲ್ಲಿ, ಪಕ್ಕದಲ್ಲಿ ತೊರೆಯ ಸದ್ದು. ಬೆಳಿಗ್ಗೆ ಮೈನಸ್ ಹತ್ತರ ಕತ್ತಲಲ್ಲಿ ಹೊರಟವರು ಮಧ್ಯಾಹ್ನ ಅಂಗಿಯ ತೋಳು ಮಡಚಿ ಹೂವಿನ ಪಕ್ಕ ನಡೆಯುತ್ತಾರೆ. ಇಷ್ಟು ಋತುಗಳನ್ನು ಒಂದೇ ಬೆಳಗಿನಲ್ಲಿ ದಾಟಿಸುವ ದಾರಿ ಭೂಮಿಯ ಮೇಲೆ ಬಹಳ ಇಲ್ಲ.

ಆದರೆ ಅದೇ ಬಿಸಿಲಿನ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಏಪ್ರಿಲ್ 21ರ ನಡುಹಗಲಿನಲ್ಲಿ ಆಲ್ಪ್ಸ್‌ನ 46ನೇ ಅಕ್ಷಾಂಶದಲ್ಲಿ ಸೂರ್ಯ ದಿಗಂತದಿಂದ ಸುಮಾರು 56 ಡಿಗ್ರಿ ಮೇಲಿರುತ್ತಾನೆ. ಹಾಗಿದ್ದರೆ ಬಿಸಿಲು ನೆಟ್ಟಗೆ, ಲಂಬವಾಗಿ ಬೀಳುವುದು ಯಾವ ನೆಲದ ಮೇಲೆ? ದಕ್ಷಿಣಕ್ಕೆ ಮುಖ ಮಾಡಿದ, 34 ಡಿಗ್ರಿ ವಾಲಿದ ಇಳಿಜಾರಿನ ಮೇಲೆ. ಇನ್ನು ಹಿಮದ ಹಾಸು ಕಿತ್ತು ಕುಸಿಯುವುದು ಹೆಚ್ಚಾಗಿ ಯಾವ ಇಳಿಜಾರುಗಳಲ್ಲಿ? 30ರಿಂದ 45 ಡಿಗ್ರಿಯವುಗಳಲ್ಲಿ. ಸ್ಕೀಗೆ ಸೊಗಸಾದ ಇಳಿಜಾರು, ಸೂರ್ಯ ನೇರವಾಗಿ ಬೇಯಿಸುವ ಇಳಿಜಾರು, ಕುಸಿಯಲು ಕಾದಿರುವ ಇಳಿಜಾರು, ಮೂರೂ ಒಂದೇ! ಕರಗಿದ ನೀರು ಪದರ ಪದರವಾಗಿ ಕೆಳಗಿಳಿದು ಒಳಗಿನ ದುರ್ಬಲ ಪದರವನ್ನು ನೆನೆಸಿದಾಗ ಇಡೀ ಮಗ್ಗುಲೇ ಜಾರುತ್ತದೆ. ಒದ್ದೆ ಹಿಮದ ಕುಸಿತ ನಿಧಾನವಾದದ್ದು, ಆದರೆ ವಿಪರೀತ ತೂಕದ್ದು. ನಿಂತ ಮೇಲೆ ಅದು ಗಟ್ಟಿಯಾಗುವ ಪರಿಗೆ ಸಲಿಕೆಯೂ ಇಳಿಯುವುದು ಕಷ್ಟ. ಹೂತುಹೋದವರು ಬದುಕುವ ಆಸೆ ಇರುವುದು ಮೊದಲ ಹತ್ತು ಹದಿನೈದು ನಿಮಿಷ. ಅದಕ್ಕೇ ಪ್ರತಿಯೊಬ್ಬರ ಎದೆಗೂ ಹೂತುಹೋದ ಜಾಗದ ಸುಳಿವು ಕೊಡಲು 457 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಟ್ರಾನ್ಸ್‌ಸೀವರ್, ಬೆನ್ನಿಗೆ ಸಲಿಕೆ, ಚುಚ್ಚಿ ಹುಡುಕುವ ಉದ್ದ ಕೋಲು. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ಹೊರಡಿಸುವ ಹಿಮಕುಸಿತದ ಮುನ್ಸೂಚನೆಯಲ್ಲಿ ಅಪಾಯಕ್ಕೆ ಐದು ಮಟ್ಟಗಳಿವೆ. ವಸಂತದಲ್ಲಿ ಅದೇ ಇಳಿಜಾರು ಬೆಳಿಗ್ಗೆ ಒಂದನೇ ಮಟ್ಟದಲ್ಲಿದ್ದು ಮಧ್ಯಾಹ್ನಕ್ಕೆ ಮೂರಕ್ಕೆ ಏರುವುದು ಮಾಮೂಲು.

ಬಿಸಿಲು ಕೈಕೊಟ್ಟರೂ ಅಪಾಯವೇ. 2018ರ ಏಪ್ರಿಲ್ 29ರಂದು ಪಿನ್ಯ್ ದಾರೊಲ್ಲಾ ಶಿಖರದ ಬಳಿ, ಇದೇ ಓತ್ ರೂತ್ ದಾರಿಯಲ್ಲಿ, ಹಠಾತ್ತನೆ ಬಂದ ಬಿರುಗಾಳಿಗೆ ಸಿಕ್ಕಿ ಹದಿನಾಲ್ಕು ಜನ ರಾತ್ರಿಯನ್ನು ಬಯಲಲ್ಲೇ ಕಳೆದರು. ಅವರಲ್ಲಿ ಏಳು ಜನ ಉಳಿಯಲಿಲ್ಲ. ವಿನ್ಯೆತ್ ತಂಗುಮನೆ ಅಲ್ಲಿಂದ ಒಂದು ಕಿಲೋಮೀಟರ್ ಕೂಡ ದೂರವಿರಲಿಲ್ಲ. ಮೋಡ ಇಳಿದ ಹಿಮನದಿಯಲ್ಲಿ ಆಕಾಶ ಯಾವುದು ನೆಲ ಯಾವುದು ತಿಳಿಯುವುದಿಲ್ಲ, ಮನೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ.

ಗಡಿಯಾರದ ಮಾತನ್ನು ಅಕ್ಷರಶಃ ಪಾಲಿಸುವ ಒಂದು ಓಟವಿದೆ. ಸ್ವಿಸ್ ಸೈನ್ಯ ನಡೆಸುವ ಪತ್ರೂಯ್ ದೆ ಗ್ಲಾಸಿಯೆ. ಝೆರ್ಮಾಟ್‌ನಿಂದ ವೆರ್ಬಿಯೆವರೆಗೆ ಐವತ್ತೇಳು ಕಿಲೋಮೀಟರ್ ಚಿಲ್ಲರೆ, ನಾಲ್ಕು ಸಾವಿರ ಮೀಟರಿಗೂ ಮೀರಿದ ಏರು, ಮೂರು ಮೂರು ಜನರ ತಂಡ. ಮಹಾಯುದ್ಧದ ನಡುವೆ, 1943ರಲ್ಲಿ ಮೊದಲು ನಡೆಯಿತು. 1949ರಲ್ಲಿ ಒಂದು ತಂಡದ ಮೂವರೂ ಹಿಮನದಿಯ ಬಿರುಕಿಗೆ ಬಿದ್ದು ಸತ್ತರು. ಓಟ ನಿಷೇಧವಾಯಿತು, ಮತ್ತೆ ಶುರುವಾದದ್ದು 1984ರಲ್ಲಿ. ಈಗ ಎರಡು ವರ್ಷಕ್ಕೊಮ್ಮೆ ವಸಂತದಲ್ಲಿ ನಡೆಯುತ್ತದೆ. ತಂಡಗಳು ಝೆರ್ಮಾಟ್ ಬಿಡುವುದು ರಾತ್ರಿಯಲ್ಲಿ! ಸಾವಿರಾರು ಹಣೆದೀಪಗಳು ಕತ್ತಲಲ್ಲಿ ಸಾಲಾಗಿ 3,650 ಮೀಟರಿನ ತೆತ್ ಬ್ಲಾಂಶ್ ಕಡೆಗೆ ಏರುತ್ತವೆ. ಹೆಪ್ಪು ಗಟ್ಟಿಯಿರುವಾಗಲೇ ಹಿಮನದಿ ದಾಟಬೇಕು, ಅಷ್ಟೇ ವಿಷಯ.

ಇಷ್ಟೆಲ್ಲ ಬಿಸಿಲಿನಲ್ಲಿ ಮನುಷ್ಯನ ಚರ್ಮದ ಗತಿ? ಸಾವಿರ ಮೀಟರ್ ಏರಿದಂತೆಲ್ಲ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ 80ರವರೆಗೆ ವಾಪಸು ಎಸೆಯುತ್ತದೆ. ಬಿಸಿಲು ಕೆಳಗಿನಿಂದಲೂ ಬರುತ್ತದೆ! ಗಲ್ಲದ ಅಡಿ ಸುಡುತ್ತದೆ, ಮೂಗಿನ ಹೊಳ್ಳೆಯ ಒಳಗೆ ಸುಡುತ್ತದೆ, ಬಾಯಿ ತೆರೆದು ಏದುಸಿರು ಬಿಡುವವರ ಅಂಗುಳ ಕೂಡ ಸುಡುತ್ತದೆ. ಕಪ್ಪು ಕನ್ನಡಕ ಮರೆತವರಿಗೆ ಸಂಜೆ ಕಣ್ಣಿನಲ್ಲಿ ಮರಳು ಸುರಿದಂಥ ನೋವು.

ಆ ಹಿಮ ಯಾವಾಗಲೂ ಬಿಳಿಯಾಗಿರುತ್ತದೆ ಅಂತಲೂ ಇಲ್ಲ. 2021ರ ಫೆಬ್ರುವರಿಯಲ್ಲಿ ಸಹಾರಾ ಮರುಭೂಮಿಯ ಧೂಳು ಗಾಳಿಯಲ್ಲಿ ಮೆಡಿಟರೇನಿಯನ್ ದಾಟಿ ಬಂದು ಆಲ್ಪ್ಸ್‌ನ ಮೇಲೆ ಕಿತ್ತಳೆ ಬಣ್ಣದ ಪದರ ಹಾಸಿತು. ಅದರ ಮೇಲೆ ಹೊಸ ಹಿಮ ಬಿತ್ತು, ವಸಂತದಲ್ಲಿ ಮೇಲಿನದು ಕರಗಿದಂತೆ ಕಿತ್ತಳೆ ಪದರ ಮತ್ತೆ ಹೊರಬಂತು. ಬಣ್ಣ ಬಂದ ಹಿಮ ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗುತ್ತದೆ. ಇನ್ನೂ ತಡವಾದರೆ, ಬೇಸಿಗೆಯ ಹೊಸ್ತಿಲಲ್ಲಿ, ಹಿಮದೊಳಗೇ ಬದುಕುವ ಸೂಕ್ಷ್ಮ ಪಾಚಿ ಎದ್ದು ಅಲ್ಲಲ್ಲಿ ಕೆಂಪು ಕಲೆ ಮೂಡಿಸುತ್ತದೆ.

ಬೆರಗಿನ ಜೊತೆಗೆ ಒಂದು ಕಹಿ ಸಂಗತಿಯೂ ಇದೆ, ಅದನ್ನು ಮುಚ್ಚಿಡುವಂತಿಲ್ಲ. ಶಾಮೊನಿಯಲ್ಲಿ 1955ರಲ್ಲಿ ಕಟ್ಟಿದ ಕೇಬಲ್ ಕಾರು 1,035 ಮೀಟರಿನ ಊರಿನಿಂದ 3,777 ಮೀಟರಿನಲ್ಲಿರುವ ಎಗ್ವಿ ದ್ಯು ಮಿದಿ ನಿಲ್ದಾಣಕ್ಕೆ ಇಪ್ಪತ್ತೇ ನಿಮಿಷದಲ್ಲಿ ಎತ್ತಿ ಇಡುತ್ತದೆ. ಅಲ್ಲಿಂದ ವಾಲೆ ಬ್ಲಾಂಶ್ ಎಂಬ ಸುಮಾರು ಇಪ್ಪತ್ತು ಕಿಲೋಮೀಟರಿನ ಆಫ್-ಪಿಸ್ಟ್ ಓಟ ಮೇರ್ ದ ಗ್ಲಾಸ್ ಹಿಮನದಿಗೆ ಬಂದು ಮುಗಿಯುತ್ತದೆ. ಆ ಹಿಮನದಿಯಿಂದ ಮೇಲಿನ ರೈಲು ನಿಲ್ದಾಣಕ್ಕೆ ಹೋಗಲು 1988ರಲ್ಲಿ ಒಂದು ಗೊಂಡೋಲ ಕಟ್ಟಿದರು. ಆಗ ಹಿಮನದಿಗೂ ಗೊಂಡೋಲಕ್ಕೂ ನಡುವೆ ಇದ್ದದ್ದು ಬೆರಳೆಣಿಕೆಯ ಮೆಟ್ಟಿಲು. ಹಿಮನದಿ ಇಳಿಯುತ್ತಾ ಇಳಿಯುತ್ತಾ ಆ ಮೆಟ್ಟಿಲುಗಳು ಐನೂರು ದಾಟಿದವು! ಕೊನೆಗೆ ಕಣಿವೆಯ ಮೇಲ್ಬದಿಗೆ ಹೊಸ ಗೊಂಡೋಲವನ್ನೇ ಕಟ್ಟಬೇಕಾಯಿತು. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022ರಲ್ಲಿ ತಮ್ಮ ಗಾತ್ರದ ಸುಮಾರು ಶೇ 6ರಷ್ಟನ್ನು, 2023ರಲ್ಲಿ ಮತ್ತೆ ಶೇ 4ರಷ್ಟನ್ನು ಕಳೆದುಕೊಂಡವು. ಎರಡೇ ಬೇಸಿಗೆಯಲ್ಲಿ ಹತ್ತನೇ ಒಂದು ಭಾಗ. ತಡ ವಸಂತ ಎಂಬ ಈ ಋತು ಪ್ರತಿ ದಶಕಕ್ಕೂ ಇನ್ನಷ್ಟು ಮೇಲಕ್ಕೆ ಹತ್ತುತ್ತಿದೆ, ಹತ್ತಲು ಬೆಟ್ಟ ಮಾತ್ರ ಅಷ್ಟೇ ಇದೆ.

ನಮ್ಮ ದೇಶದಲ್ಲಿ? ಇದೆ. ಕಾಶ್ಮೀರದ ಗುಲ್ಮರ್ಗ್‌ನ ಗೊಂಡೋಲ ಅಫರ್ವತ್ ಬೆಟ್ಟದ ಭುಜಕ್ಕೆ, ನಾಲ್ಕು ಸಾವಿರ ಮೀಟರಿನ ಹತ್ತಿರಕ್ಕೆ ಒಯ್ಯುತ್ತದೆ. ಅಲ್ಲಿಂದಾಚೆ ಎಲ್ಲವೂ ಆಫ್-ಪಿಸ್ಟೇ. ಆದರೆ ಗುಲ್ಮರ್ಗ್ ಇರುವುದು 34ನೇ ಅಕ್ಷಾಂಶದಲ್ಲಿ. ಏಪ್ರಿಲ್‌ನ ನಡುಹಗಲಲ್ಲಿ ಅಲ್ಲಿನ ಸೂರ್ಯ ಆಲ್ಪ್ಸ್‌ಗಿಂತ 12 ಡಿಗ್ರಿ ಮೇಲೆ ನಿಲ್ಲುತ್ತಾನೆ. ಹದ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಮೇಲೆ ಹೇಳಿದ ಸೋದಾನ್ 1977ರಲ್ಲಿ ನಮ್ಮ ನುನ್ ಶಿಖರದಿಂದ, 7,135 ಮೀಟರ್ ಎತ್ತರದಿಂದ ಸ್ಕೀ ಮೇಲೆ ಇಳಿದ, ಆಮೇಲೆ ವರ್ಷಗಟ್ಟಲೆ ಕಾಶ್ಮೀರಕ್ಕೆ ಬರುತ್ತಿದ್ದ. ಕೊಡಗಿನ ಭವಾನಿ ತೆಕ್ಕಡ ಪದಕ ಗೆದ್ದದ್ದೂ ಗುಲ್ಮರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲೇ. ಅವರದು ದೂರ ಓಡುವ ನಾರ್ಡಿಕ್ ಸ್ಕೀ, ದಾರಿ ಬೇರೆ. ಆದರೂ ಕಾಫಿ ತೋಟದ ನಾಡಿನಿಂದ ಹಿಮಕ್ಕೆ ಹೋಗಲು ಸಾಧ್ಯ ಎಂಬುದಕ್ಕೆ ಇನ್ನೇನು ಬೇಕು?

ಹೋಗುವ ಮನಸ್ಸಿದ್ದವರಿಗೆ ಕೊನೆಯದಾಗಿ ಒಂದೆರಡು ಮಾತು. ಮೊದಲು ಪಿಸ್ಟ್ ಮೇಲೆ ಚೆನ್ನಾಗಿ ಕಲಿಯಿರಿ, ಇದು ಮೊದಲ ವರ್ಷದ ಆಟವಲ್ಲ. ಅಂತರರಾಷ್ಟ್ರೀಯ ಮಾನ್ಯತೆಯ ಪರ್ವತ ಗೈಡ್ ಇಲ್ಲದೆ ಹಿಮನದಿಗೆ ಕಾಲಿಡಬೇಡಿ, ಹೆಲಿಕಾಪ್ಟರ್ ರಕ್ಷಣೆ ಸೇರಿದ ವಿಮೆ ಇಲ್ಲದೆ ವಿಮಾನವನ್ನೇ ಹತ್ತಬೇಡಿ. ರಾತ್ರಿ ಆಕಾಶ ನೋಡಿ, ಬೆಳಿಗ್ಗೆ ಬೇಗ ಏಳಿ. ಹಿಮ ಎಷ್ಟೇ ಸೊಗಸಾಗಿರಲಿ, ಹನ್ನೊಂದು ಗಂಟೆಗೆ ಗೈಡ್ ಸಾಕು ಎಂದರೆ ಇನ್ನೊಂದು ಸಲ ಎಂದು ಗೋಗರೆಯಬೇಡಿ.